ಇದ್ದಿಲು ಗ್ರಿಲ್: ಯಾವ ಅಡುಗೆಗೆ ಯಾವ ಬೆಂಕಿ?

ಗ್ರಿಲ್ ಹೊಸದಾಗಿ ತಂದವರು ಮೊದಲು ಕೇಳುವುದು ಒಂದೇ: "ಇದ್ದಿಲು ಬೇಗ ಹತ್ತಬೇಕು ಅಂದ್ರೆ ಏನು ಮಾಡಬೇಕು?" ನನ್ನನ್ನು ಕೇಳಿದರೆ ಅದು ಎರಡನೇ ಪ್ರಶ್ನೆ. ಇವತ್ತು ಏನು ಬೇಯಿಸುತ್ತೀರಿ, ಅದಕ್ಕೆ ಎಷ್ಟು ಹೊತ್ತು ಕಾವು ಬೇಕು ಅನ್ನುವುದು ಮೊದಲನೆಯದು. ಹತ್ತು ನಿಮಿಷಕ್ಕೆ ಆಗಿಹೋಗುವ ಮೀನಿನ ತುಂಡಿಗೆ ಬೇಕಾದ ಬೆಂಕಿಯೇ ಬೇರೆ. ಐದು ಗಂಟೆ ನಿಧಾನಕ್ಕೆ ಬೇಯಬೇಕಾದ ದಪ್ಪ ಮಾಂಸಕ್ಕೆ ಬೇಕಾದ ಬೆಂಕಿಯೇ ಬೇರೆ. ಯಾವ ಇದ್ದಿಲು, ಹೇಗೆ ಹಚ್ಚುವುದು, ಹೇಗೆ ಹರಡುವುದು, ಎಷ್ಟು ಗಾಳಿ ಬಿಡುವುದು, ಎಲ್ಲವೂ ಈ ಉತ್ತರದಿಂದಲೇ ಶುರುವಾಗುತ್ತದೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಅಡುಗೆ ಬೇಯುವುದು ಕೆಂಡದಲ್ಲಿ, ಉರಿಯಲ್ಲಿ ಅಲ್ಲ. ಕಟ್ಟಿಗೆಯನ್ನು ಗಾಳಿ ಸಿಗದ ಹಾಗೆ ಕಾಯಿಸಿದಾಗ ಅದರಲ್ಲಿದ್ದ ನೀರು, ಹೊಗೆಯಾಗುವ ಅನಿಲ ಎಲ್ಲ ಹೊರಟುಹೋಗಿ ಉಳಿಯುವ ಇಂಗಾಲವೇ ಇದ್ದಿಲು. ಅದಕ್ಕೇ ಚೆನ್ನಾಗಿ ಹತ್ತಿದ ಇದ್ದಿಲಿನಲ್ಲಿ ಹೊಗೆ ಕಡಿಮೆ, ಜ್ವಾಲೆ ಕಡಿಮೆ, ಕಾವು ಜಾಸ್ತಿ. ಹತ್ತುವಾಗ ಬರುತ್ತದಲ್ಲ ದಟ್ಟ ಬಿಳಿ ಹೊಗೆ, ಅದರಲ್ಲಿ ಅಡುಗೆ ಇಟ್ಟರೆ ಮೇಲೆ ಕಪ್ಪು, ಒಳಗೆ ಹಸಿ, ಬಾಯಿಗೆ ಕಹಿ. ಗ್ರಿಲ್ ಅಡುಗೆ ಕೆಟ್ಟಿತು ಅನ್ನುವವರಲ್ಲಿ ಹೆಚ್ಚಿನವರು ಕೆಟ್ಟ ಇದ್ದಿಲು ತಂದಿರುವುದಿಲ್ಲ. ಇನ್ನು ಹತ್ತು ನಿಮಿಷ ಕಾದಿರುವುದಿಲ್ಲ, ಅಷ್ಟೇ.

ತುಂಡು ಇದ್ದಿಲೋ, ಬ್ರಿಕೆಟ್ಟೋ?

ತುಂಡು ಇದ್ದಿಲಿನಲ್ಲಿ ಮರದ ಆಕಾರ ಇನ್ನೂ ಉಳಿದಿರುತ್ತದೆ. ಕೈಯಲ್ಲಿ ಹಿಡಿದರೆ ಗೆರೆಗಳು ಕಾಣುತ್ತವೆ. ಎರಡು ತುಂಡುಗಳನ್ನು ಒಂದಕ್ಕೊಂದು ತಾಗಿಸಿ ನೋಡಿ. ಚೆನ್ನಾಗಿ ಸುಟ್ಟು ಒಣಗಿದ ಇದ್ದಿಲಾದರೆ ಗಾಜಿನ ಬಳೆ ತಾಗಿದ ಹಾಗೆ ಸಣ್ಣಗೆ ಠಣ್ ಅನ್ನುತ್ತದೆ. ತೇವ ಹಿಡಿದಿದ್ದರೆ ಸದ್ದು ಮಂಕಾಗಿರುತ್ತದೆ, ಹತ್ತಿಸುವಾಗ ಚಿಟಪಟ ಸಿಡಿಯುತ್ತದೆ.

ಈ ಇದ್ದಿಲು ಬೇಗ ಹತ್ತುತ್ತದೆ, ಕಾವು ಜೋರು, ಬೂದಿ ಕಡಿಮೆ. ಗಾಳಿ ಸ್ವಲ್ಪ ಹೆಚ್ಚು ಬಿಟ್ಟರೂ ಬೇಗ ಏರುತ್ತದೆ, ಕಡಿಮೆ ಮಾಡಿದರೆ ಇಳಿಯುತ್ತದೆ. ಹೇಳಿದ ಮಾತು ಕೇಳುವ ಬೆಂಕಿ ಅದು. ಆದರೆ ಒಂದು ಚೀಲದಲ್ಲಿ ಮುಷ್ಟಿಯಷ್ಟು ದೊಡ್ಡ ತುಂಡೂ ಇರುತ್ತದೆ, ಬೆರಳ ತುದಿಯಷ್ಟು ಚೂರೂ ಇರುತ್ತದೆ. ಚೂರು ಬೇಗ ಉರಿದುಹೋಗುತ್ತದೆ, ದೊಡ್ಡದು ಇನ್ನೂ ಅರ್ಧ ಹತ್ತಿರುತ್ತದೆ. ಹೀಗಾಗಿ ಜಾಲರಿಯ ಒಂದು ಕಡೆ ನಿಗಿನಿಗಿ, ಇನ್ನೊಂದು ಕಡೆ ತಣ್ಣಗೆ. ಚೀಲದ ತಳದ ಪುಡಿಯನ್ನಂತೂ ಗ್ರಿಲ್‌ಗೆ ಸುರಿಯಲೇಬೇಡಿ. ಸಂದುಗಳಲ್ಲಿ ಕೂತು ಗಾಳಿಗೆ ಅಡ್ಡ ಬರುತ್ತದೆ.

ಬ್ರಿಕೆಟ್ ಅಂದರೆ ಇದ್ದಿಲ ಪುಡಿಯನ್ನು ಗಂಜಿಯಂಥ ಅಂಟಿನ ಜೊತೆ ಬೆರೆಸಿ ಅಚ್ಚಿನಲ್ಲಿ ಒತ್ತಿ ಮಾಡಿದ ಉಂಡೆ. ಅಮೆರಿಕದಲ್ಲಿ 1897ರಲ್ಲೇ ಎಲ್ಸ್‌ವರ್ತ್ ಜ್ವಾಯರ್ ಎಂಬುವರು ಇದಕ್ಕೆ ಪೇಟೆಂಟ್ ಪಡೆದಿದ್ದರು. 1920ರ ದಶಕದಲ್ಲಿ ಹೆನ್ರಿ ಫೋರ್ಡ್ ತಮ್ಮ ಕಾರು ಕಾರ್ಖಾನೆಗೆ ಮರ ಕೊಯ್ಯುವಾಗ ಉಳಿಯುತ್ತಿದ್ದ ಚೂರು, ಹೊಟ್ಟುಗಳಿಂದ ಬ್ರಿಕೆಟ್ ಮಾಡಿ ಮಾರಲು ಶುರು ಮಾಡಿದ ಮೇಲೆ ಅದು ಮನೆಮನೆಯ ಮಾತಾಯಿತು. ಎಲ್ಲ ಉಂಡೆಯೂ ಒಂದೇ ಅಳತೆ ಇರುವುದೇ ಇದರ ದೊಡ್ಡ ಗುಣ. ಇಷ್ಟು ಉಂಡೆ ಹಾಕಿದರೆ ಇಷ್ಟು ಕಾವು ಅಂತ ಲೆಕ್ಕ ಹಿಡಿಯಬಹುದು. ಹತ್ತುವುದು ನಿಧಾನ, ಬೂದಿ ಜಾಸ್ತಿ, ಆದರೆ ಹತ್ತಿದ ಮೇಲೆ ಸುಮಾರು ಒಂದು ಗಂಟೆ ಒಂದೇ ಸಮ ಕಾವು ಕೊಡುತ್ತದೆ.

ನನ್ನ ಲೆಕ್ಕ ಇಷ್ಟು. ತೆಳ್ಳಗಿನದು, ಬೇಗ ಬೇಯುವುದು, ಹೊರಗೆ ಗರಿಗರಿಯಾಗಬೇಕಾದದ್ದು ಇದ್ದರೆ ತುಂಡು ಇದ್ದಿಲು. ಗಂಟೆಗಟ್ಟಲೆ ಬೇಯಿಸುವುದಿದ್ದರೆ ಬ್ರಿಕೆಟ್. ಈಗಷ್ಟೇ ಕಲಿಯುತ್ತಿದ್ದರೂ ಬ್ರಿಕೆಟ್ಟೇ ಒಳ್ಳೆಯದು. ಒಂದೇ ಸಮ ಉರಿಯುವ ಬೆಂಕಿಯ ಮುಂದೆ ನಿಂತರೆ ಗ್ರಿಲ್‌ನ ಗಾಳಿ ಕಿಂಡಿ ತೆರೆದಾಗ ಏನಾಯಿತು, ಮುಚ್ಚಿದಾಗ ಏನಾಯಿತು ಅನ್ನುವುದು ಚೆನ್ನಾಗಿ ಕಾಣುತ್ತದೆ.

ಜಪಾನಿನ ಬಿಂಚೋತಾನ್ ಅನ್ನುವ ಗಟ್ಟಿ ಇದ್ದಿಲು, ತೆಂಗಿನ ಚಿಪ್ಪಿನ ಇದ್ದಿಲು ಕೂಡ ಸಿಗುತ್ತವೆ. ಎರಡೂ ಬಹಳ ಹೊತ್ತು ಉರಿಯುತ್ತವೆ, ಹೊಗೆ ತೀರಾ ಕಡಿಮೆ. ಬಿಂಚೋತಾನ್ ಹತ್ತಿಸುವುದಕ್ಕೆ ತುಂಬಾ ತಾಳ್ಮೆ ಬೇಕು, ಹಾಗಾಗಿ ಮೊದಲ ಚೀಲವೇ ಅದಾಗುವುದು ಬೇಡ.

ಒಂದನ್ನು ಮಾತ್ರ ನಾನು ತರುವುದಿಲ್ಲ. ಕಡ್ಡಿ ಗೀರಿದರೆ ಸಾಕು, ತಾನೇ ಹತ್ತುತ್ತದೆ ಅಂತ ಮಾರುವ ಬ್ರಿಕೆಟ್. ಅದರಲ್ಲಿ ಹೊತ್ತಿಸುವ ಎಣ್ಣೆ ಮೊದಲೇ ಹೀರಿಸಿರುತ್ತಾರೆ. ಪೂರ್ತಿ ಬೂದಿ ಕಟ್ಟುವವರೆಗೆ ಕಾದರೆ ಆ ಎಣ್ಣೆ ಉರಿದುಹೋಗುತ್ತದೆ, ನಿಜ. ಆದರೆ ಅಡುಗೆಯ ನಡುವೆ ನಾಲ್ಕು ಉಂಡೆ ಸೇರಿಸಬೇಕಾಗಿ ಬಂದಾಗ ಏನು ಮಾಡುತ್ತೀರಿ? ಬೇಯುತ್ತಿರುವ ಕೋಳಿಯ ಕೆಳಗೆ ಎಣ್ಣೆ ಉಂಡೆ ಹಾಕಿದಂತಾಗುತ್ತದೆ.

ಹಚ್ಚುವುದು: ಚಿಮ್ನಿಗೆ ನನ್ನ ಮೊದಲ ಓಟು

ಹಚ್ಚುವ ಚಿಮ್ನಿ ಅಂದರೆ ಎರಡೂ ಕಡೆ ತೆರೆದ ಒಂದು ಲೋಹದ ಕೊಳವೆ, ಪಕ್ಕದಲ್ಲಿ ಹಿಡಿಕೆ, ಒಳಗೆ ತಳದಿಂದ ಸ್ವಲ್ಪ ಮೇಲೆ ಒಂದು ಜಾಲರಿ. ಮೇಲೆ ಇದ್ದಿಲು ತುಂಬುವುದು, ಕೆಳಗೆ ಎರಡು ಹಾಳೆ ಪತ್ರಿಕೆ ಮುದ್ದೆ ಮಾಡಿ ತುರುಕಿ ಕಡ್ಡಿ ಗೀರುವುದು. ಅಷ್ಟೇ. ಬಿಸಿ ಗಾಳಿ ಮೇಲೆ ಏರುತ್ತದೆ, ಅದರ ಜಾಗಕ್ಕೆ ಕೆಳಗಿನಿಂದ ಹೊಸ ಗಾಳಿ ನುಗ್ಗುತ್ತದೆ. ಊದುವ, ಬೀಸುವ ಕೆಲಸವನ್ನೆಲ್ಲ ಆ ಕೊಳವೆಯೇ ಮಾಡಿಕೊಳ್ಳುತ್ತದೆ.

ಪತ್ರಿಕೆಯನ್ನು ಬಿಗಿಯಾಗಿ ಉಂಡೆ ಕಟ್ಟಬೇಡಿ. ಸಡಿಲವಾಗಿ ತಿರುಚಿ ಬಳೆಯ ಹಾಗೆ ಸುತ್ತಿ ಇಡಿ, ನಡುವೆ ತೂತು ಇರಲಿ. ಹಾಳೆಗೆ ಎರಡು ತೊಟ್ಟು ಅಡುಗೆ ಎಣ್ಣೆ ಸವರಿದರೆ ಇನ್ನೂ ಸ್ವಲ್ಪ ಹೊತ್ತು ಉರಿಯುತ್ತದೆ. ಬೂದಿ ಹಾರುವುದು ಬೇಡ ಅನ್ನಿಸಿದರೆ ಪತ್ರಿಕೆಯ ಬದಲು ಮೇಣದ ಹೊತ್ತಿಸುವ ಬಿಲ್ಲೆ ಒಂದು ಸಾಕು.

ಈಗ ಪಕ್ಕದಲ್ಲಿ ನಿಂತು ನೋಡಿ. ಮೊದಲ ಐದು ನಿಮಿಷ ದಟ್ಟ ಬಿಳಿ ಹೊಗೆ, ಕಣ್ಣು ಉರಿಯುತ್ತದೆ. ಹತ್ತಿತೋ ಇಲ್ಲವೋ ಅನ್ನುವ ಅನುಮಾನ ಬರುವುದು ಆಗಲೇ. ಮೇಲೆ ಕೆದಕಲು ಹೋಗಬೇಡಿ. ಪಕ್ಕದ ತೂತುಗಳಲ್ಲಿ ಬಗ್ಗಿ ನೋಡಿದರೆ ತಳದ ಒಂದೆರಡು ತುಂಡುಗಳ ಅಂಚು ಕೆಂಪಾಗಿರುತ್ತದೆ. ಆಮೇಲೆ ಹೊಗೆ ತೆಳುವಾಗುತ್ತದೆ. ಒಳಗಿನಿಂದ ಸಣ್ಣ ಗಾಜು ಬಿರುಕು ಬಿಟ್ಟ ಹಾಗೆ ಟಿಕ್ ಟಿಕ್ ಸದ್ದು. ಹತ್ತು ಹನ್ನೆರಡು ನಿಮಿಷ ಆಗುವಾಗ ಚಿಮ್ನಿಯ ಬಾಯಿಯ ಮೇಲಿನ ಗಾಳಿ ನೀರಿನ ಹಾಗೆ ಅಲುಗಾಡುತ್ತದೆ, ಜ್ವಾಲೆಯ ನಾಲಗೆ ಮೇಲಿನ ತುಂಡುಗಳ ನಡುವೆ ಇಣುಕುತ್ತದೆ. ತೀರಾ ಮೇಲಿನ ತುಂಡುಗಳ ಮೂಲೆಗೆ ಬೂದು ಬಣ್ಣ ಬಂದರೆ ಸುರಿಯುವ ಹೊತ್ತಾಯಿತು. ತುಂಡು ಇದ್ದಿಲಿಗೆ ಸುಮಾರು ಕಾಲು ಗಂಟೆ, ಬ್ರಿಕೆಟ್ಟಿಗೆ ಹದಿನೈದರಿಂದ ಇಪ್ಪತ್ತು ನಿಮಿಷ. ಎಲ್ಲವೂ ಪೂರ್ತಿ ಬೂದಿಯಾಗುವವರೆಗೆ ಕಾಯುವುದೂ ಬೇಡ. ಹಾಗೆ ಕಾದರೆ ಅರ್ಧ ಕಾವು ಚಿಮ್ನಿಯಲ್ಲೇ ಹೋಯಿತು.

ಚಿಮ್ನಿ ನನಗೆ ಇಷ್ಟವಾಗುವುದಕ್ಕೆ ಇನ್ನೊಂದು ಕಾರಣ ಇದೆ. ಅದು ಅಳತೆ ಪಾತ್ರೆಯೂ ಹೌದು. ತುಂಬಿದ ಚಿಮ್ನಿ ಅಂದರೆ ಜೋರು ಕಾವು, ಅರ್ಧ ಅಂದರೆ ಮಧ್ಯಮ, ಕಾಲು ಭಾಗ ಅಂದರೆ ಸಣ್ಣ ಕಾವು. ನಾಲ್ಕು ಸಲ ಮಾಡಿದರೆ ನಿಮ್ಮ ಗ್ರಿಲ್‌ಗೆ ಎಷ್ಟು ಬೇಕು ಅನ್ನುವುದು ಕೈಗೆ ಬರುತ್ತದೆ.

ಎಚ್ಚರಿಕೆ ಎರಡು. ಕಾದ ಚಿಮ್ನಿಯನ್ನು ಸಿಮೆಂಟ್ ನೆಲದ ಮೇಲೆ ಇಡಬೇಡಿ, ಕಾವಿಗೆ ಸಿಮೆಂಟ್ ಸಿಡಿದು ಚೂರು ಹಾರಬಹುದು. ಗ್ರಿಲ್‌ನ ಕೆಳ ಜಾಲರಿಯ ಮೇಲೇ ಇಟ್ಟು ಹಚ್ಚಿ. ಸುರಿಯುವಾಗ ದಪ್ಪ ಚರ್ಮದ ಕೈಗವಸು ಹಾಕಿ, ಮೈಯಿಂದ ದೂರಕ್ಕೆ ಬಾಗಿಸಿ, ನಿಧಾನವಾಗಿ ಸುರಿಯಿರಿ. ಇನ್ನು ಹಳೆ ಡಬ್ಬ ತೂತು ಮಾಡಿ ಚಿಮ್ನಿ ಮಾಡಿಕೊಳ್ಳುವವರು ಸತುವಿನ ಲೇಪ ಇರುವ ತಗಡನ್ನು ಬಿಟ್ಟುಬಿಡಿ. ಜೋರು ಕಾವಿಗೆ ಅದರಿಂದ ಏಳುವ ಹೊಗೆ ಶ್ವಾಸಕ್ಕೆ ಕೆಟ್ಟದ್ದು.

ಚಿಮ್ನಿ ಇಲ್ಲದಿದ್ದರೆ

ಇದ್ದಿಲನ್ನು ಗೋಪುರದ ಹಾಗೆ ಪೇರಿಸಿ, ನಡುವೆ ಎರಡು ಮೂರು ಹೊತ್ತಿಸುವ ಬಿಲ್ಲೆ ಇಡಿ. ಮೇಣದ್ದೋ, ಮರದ ನಾರಿಗೆ ಮೇಣ ಹಚ್ಚಿದ್ದೋ ಯಾವುದಾದರೂ ಆಗುತ್ತದೆ. ಗ್ರಿಲ್‌ನ ಕಿಂಡಿಗಳೆಲ್ಲ ತೆರೆದಿರಲಿ, ಮುಚ್ಚಳ ಹಾಕಬೇಡಿ. ಅರ್ಧ ಗಂಟೆಯ ಹತ್ತಿರ ಹಿಡಿಯುತ್ತದೆ, ಗಾಳಿ ಇಲ್ಲದ ದಿನ ಇನ್ನೂ ಸ್ವಲ್ಪ ಜಾಸ್ತಿ. ವಾಸನೆ ಇಲ್ಲ, ಸಾಮಾನು ಹೊರುವ ಗೋಜಿಲ್ಲ. ಊರಾಚೆ ಹೊಳೆ ದಂಡೆಗೆ ಹೋಗುವಾಗ ನಾನು ಇದನ್ನೇ ಒಯ್ಯುತ್ತೇನೆ. ಬಣ್ಣ ಬಳಿದ ಮರದ ಚೂರು, ಪಾಲಿಶ್ ಹಾಕಿದ ಹಲಗೆ, ಪ್ಲಾಸ್ಟಿಕ್ ಅಂಟಿದ ರಟ್ಟು ಇವನ್ನು ಮಾತ್ರ ಹತ್ತಿಸಲು ಬಳಸಬೇಡಿ. ಅದರ ಹೊಗೆ ನೇರ ಊಟಕ್ಕೆ ಸೇರುತ್ತದೆ.

ವಿದ್ಯುತ್ ಸುರುಳಿ ಬರುತ್ತದೆ. ಇದ್ದಿಲ ನಡುವೆ ಇಟ್ಟು ಸ್ವಿಚ್ ಹಾಕಿದರೆ ಎಂಟು ಹತ್ತು ನಿಮಿಷದಲ್ಲಿ ಸುತ್ತಲಿನ ತುಂಡುಗಳು ಕೆಂಪಾಗುತ್ತವೆ. ಆಗ ಅದನ್ನು ಹೊರಗೆ ತೆಗೆದು, ಕೆಂಡವನ್ನು ಉಳಿದ ಇದ್ದಿಲಿನ ಜೊತೆ ಬೆರೆಸಬೇಕು. ಹೊಗೆ ಕಡಿಮೆ, ಎಣ್ಣೆ ಬೇಕಿಲ್ಲ. ಆದರೆ ಹತ್ತಿರದಲ್ಲೇ ಪ್ಲಗ್ ಬೇಕು, ಅರ್ಥಿಂಗ್ ಸರಿ ಇರಬೇಕು, ತಂತಿ ಕೆಂಡಕ್ಕೆ ತಾಗಬಾರದು. ಹೊರತೆಗೆದ ಸುರುಳಿ ಇನ್ನೂ ಸುಡುತ್ತಿರುತ್ತದೆ, ಮಕ್ಕಳು ಓಡಾಡುವ ಜಾಗದಲ್ಲಿ ಅದನ್ನು ಎಲ್ಲಿಡುತ್ತೀರಿ ಅಂತ ಮೊದಲೇ ಯೋಚಿಸಿ.

ಬೀಸಣಿಗೆ, ಊದುಗೊಳವೆ, ಬ್ಲೋವರ್ ಎಲ್ಲ ಹತ್ತಿದ ಬೆಂಕಿಗೆ ಆಸರೆ. ಒಂದು ಮೂಲೆ ಕೆಂಪಾದ ಮೇಲೆ ಮೆಲ್ಲಗೆ ಬೀಸಿದರೆ ಬೇಗ ಹರಡುತ್ತದೆ. ಜೋರಾಗಿ ಊದಿದರೆ ಕಿಡಿ, ಬೂದಿ ಎಲ್ಲ ಎದುರಿಗಿದ್ದವರ ಮೇಲೆ.

ಕೊನೆಗೆ ಹೊತ್ತಿಸುವ ಎಣ್ಣೆ. ಎಲ್ಲ ಕಡೆ ಸಿಗುತ್ತದೆ, ಸುಲಭ ಅನ್ನಿಸುತ್ತದೆ, ಅದಕ್ಕೇ ಜನ ಮೊದಲು ಅದನ್ನೇ ಕೊಳ್ಳುತ್ತಾರೆ. ನಾನೂ ಹೊಸತರಲ್ಲಿ ಅದನ್ನೇ ಬಳಸಿದ್ದೆ. ಒಂದು ಸಂಜೆ ಮನೆಗೆ ಮಕ್ಕಳು ಬಂದಿದ್ದರು, ಹಸಿದಿದ್ದರು. ಎಣ್ಣೆ ಉರಿದು ಮುಗಿಯುವ ಮುಂಚೆಯೇ ಜೋಳದ ತೆನೆಗಳನ್ನು ಜಾಲರಿಗೆ ಇಟ್ಟೆ. ನೋಡುವುದಕ್ಕೆ ಬಂಗಾರದ ಹಾಗೆ ಸುಟ್ಟಿದ್ದವು. ಒಂದು ಪುಟ್ಟ ಹುಡುಗಿ ಒಂದು ಸಾಲು ಕಚ್ಚಿ, ತೆನೆಯನ್ನು ಮೆಲ್ಲಗೆ ತಟ್ಟೆಯಲ್ಲಿಟ್ಟು, "ಸೀಮೆಎಣ್ಣೆ ವಾಸನೆ" ಅಂದಳು. ಅಷ್ಟೂ ತೆನೆ ಹಾಳಾಯಿತು. ಆಮೇಲೆ ಆ ಬಾಟಲಿಯನ್ನು ನಾನು ಮುಟ್ಟಿಲ್ಲ.

ಬಳಸಲೇಬೇಕು ಅಂದರೆ ಹೀಗೆ ಮಾಡಿ. ತಣ್ಣಗಿನ ಇದ್ದಿಲಿಗೆ ಮಾತ್ರ ಹಾಕಿ, ಹೀರಿಕೊಳ್ಳಲು ಒಂದೆರಡು ನಿಮಿಷ ಬಿಡಿ, ಬಾಟಲಿಯನ್ನು ದೂರ ಇಟ್ಟು ಉದ್ದ ಕಡ್ಡಿಯಿಂದ ಹಚ್ಚಿ. ಎಲ್ಲ ಇದ್ದಿಲಿನ ಮೇಲೂ ಬೂದಿ ಕಟ್ಟುವವರೆಗೆ ಏನನ್ನೂ ಇಡಬೇಡಿ. ಬೆಂಕಿ ಆರುತ್ತಿದೆ ಅಂತ ಮತ್ತೆ ಎಣ್ಣೆ ಚಿಮುಕಿಸುವುದಂತೂ ಬೇಡವೇ ಬೇಡ. ಜ್ವಾಲೆ ಆ ಧಾರೆ ಹಿಡಿದು ಕೈಯಲ್ಲಿರುವ ಬಾಟಲಿಗೇ ಬರುತ್ತದೆ. ಪೆಟ್ರೋಲ್, ಥಿನ್ನರ್ ಇವುಗಳ ಯೋಚನೆಯೇ ಬೇಡ. ಅವುಗಳ ಆವಿ ಒಮ್ಮೆಲೇ ಹೊತ್ತಿಕೊಂಡು ಮುಖ ಸುಡುತ್ತದೆ.

ಕೆಂಡ ಹರಡುವುದು

ಹೊಸಬರು ಸಾಮಾನ್ಯವಾಗಿ ಕೆಂಡವನ್ನು ತಳದ ತುಂಬ ಸಮನಾಗಿ ಹರಡುತ್ತಾರೆ. ತೆಳ್ಳಗಿನ ಮೀನು, ಸಿಗಡಿ, ಬದನೆಯ ಬಿಲ್ಲೆಗಳಿಗೆ ಇದು ಸಾಕು. ತೊಂದರೆ ಏನೆಂದರೆ, ಒಂದು ತುಂಡು ಸೀಯುತ್ತಿದೆ ಅಂತ ಕಂಡರೆ ಅದನ್ನು ಸರಿಸಲು ಜಾಗವೇ ಇರುವುದಿಲ್ಲ.

ಅದಕ್ಕೆ ನಾನು ಯಾವಾಗಲೂ ಕೆಂಡವನ್ನು ಒಂದು ಬದಿಗೆ ಒತ್ತಿ ಇಡುತ್ತೇನೆ. ಅರ್ಧ ಜಾಲರಿಯ ಕೆಳಗೆ ನಿಗಿನಿಗಿ ಕೆಂಡ, ಇನ್ನರ್ಧದ ಕೆಳಗೆ ಏನೂ ಇಲ್ಲ. ಬಿಸಿ ಬದಿಯಲ್ಲಿ ಬಣ್ಣ ಬರಿಸುವುದು, ತಣ್ಣನೆ ಬದಿಯಲ್ಲಿ ಮುಚ್ಚಳ ಹಾಕಿ ಒಳಗೆ ಬೇಯಿಸುವುದು. ಕೋಳಿ ಕಾಲು ಇದಕ್ಕೆ ಒಳ್ಳೆಯ ಉದಾಹರಣೆ. ನೇರ ಕೆಂಡದ ಮೇಲೆ ಪೂರ್ತಿ ಬೇಯಿಸಲು ಹೋದರೆ ಚರ್ಮ ಸುಟ್ಟು ಕರಕಲು, ಮೂಳೆಯ ಹತ್ತಿರ ಇನ್ನೂ ಕೆಂಪು. ತಣ್ಣನೆ ಬದಿಯಲ್ಲಿ ಅರ್ಧ ಗಂಟೆಗೂ ಸ್ವಲ್ಪ ಹೆಚ್ಚು ಹೊತ್ತು ಇಟ್ಟು, ಕೊನೆಯ ಐದು ನಿಮಿಷ ಕೆಂಡದ ಮೇಲೆ ತಂದರೆ ಒಳಗೆ ರಸ, ಹೊರಗೆ ಗರಿ. ಒಂದೇ ಒಂದು ವಿಧಾನ ಕಲಿಯುತ್ತೇನೆ ಅನ್ನುವವರಿಗೆ ನಾನು ಹೇಳಿಕೊಡುವುದು ಇದನ್ನೇ.

ಇಡೀ ಕೋಳಿ ಇದ್ದರೆ ಕೆಂಡವನ್ನು ಎರಡೂ ಬದಿಗೆ ಸರಿಸಿ, ನಡುವೆ ಕೊಬ್ಬು ಬೀಳಲು ಒಂದು ತಟ್ಟೆ ಇಡಿ. ಕೋಳಿ ತಟ್ಟೆಯ ಮೇಲೆ ಬರಲಿ. ಎರಡೂ ಕಡೆಯಿಂದ ಸಮ ಕಾವು ಸಿಗುತ್ತದೆ, ತಿರುಗಿಸುವ ಕೆಲಸ ಕಡಿಮೆ.

ಗಂಟೆಗಟ್ಟಲೆ ಸಣ್ಣ ಕಾವು ಬೇಕಾದರೆ ಹಾವಿನ ಜೋಡಣೆ. ಗ್ರಿಲ್‌ನ ಅಂಚಿನ ಗುಂಟ ಬ್ರಿಕೆಟ್ಟುಗಳನ್ನು ಎರಡು ಅಗಲ, ಎರಡು ಎತ್ತರ ಸಾಲಾಗಿ, ಒಂದಕ್ಕೊಂದು ತಾಗುವಂತೆ ಇಡುತ್ತಾ ಅರ್ಧ ಸುತ್ತೋ ಮುಕ್ಕಾಲು ಸುತ್ತೋ ಬನ್ನಿ. ಒಂದು ತುದಿಗೆ ಮಾತ್ರ ಏಳೆಂಟು ಹತ್ತಿದ ಉಂಡೆ ಇಡಿ. ಊದಿನಕಡ್ಡಿ ಉರಿದ ಹಾಗೆ ಬೆಂಕಿ ಒಂದು ತುದಿಯಿಂದ ಇನ್ನೊಂದು ತುದಿಗೆ ಮೆಲ್ಲಗೆ ಸಾಗುತ್ತದೆ. ಕಿಂಡಿಗಳನ್ನು ಸರಿಯಾಗಿ ಇಟ್ಟುಕೊಂಡರೆ 110ರಿಂದ 130 ಡಿಗ್ರಿ ಸೆಲ್ಸಿಯಸ್ ನಡುವೆ ಹಲವು ಗಂಟೆ ನಿಲ್ಲುತ್ತದೆ. ಉದ್ದನೆಯ ಸ್ಮೋಕರ್, ಅಂದರೆ ಸಣ್ಣ ಕಾವು, ಹೊಗೆಯಲ್ಲಿ ನಿಧಾನಕ್ಕೆ ಬೇಯಿಸುವ ಒಲೆ, ಇರುವವರು ಇದಕ್ಕೆ ಬದಲು ಜಿಮ್ ಮಿನಿಯನ್ ಹೆಸರಿನಿಂದ ಪ್ರಸಿದ್ಧವಾದ ವಿಧಾನ ಬಳಸುತ್ತಾರೆ. ಹತ್ತದ ಬ್ರಿಕೆಟ್ ತುಂಬಿ, ಮೇಲೆ ಸ್ವಲ್ಪ ಕೆಂಡ ಸುರಿದು, ಬೆಂಕಿ ತಾನೇ ಕೆಳಗಿಳಿಯಲು ಬಿಡುವುದು. ಎರಡರಲ್ಲೂ ಅಡುಗೆ ಬೇಯುತ್ತಿರುವಾಗಲೇ ಹೊಸ ಇದ್ದಿಲು ಹತ್ತುತ್ತಾ ಹೋಗುತ್ತದೆ. ಎಣ್ಣೆ ಹೀರಿಸಿದ ಬ್ರಿಕೆಟ್ ಇಲ್ಲಿ ನಡೆಯುವುದೇ ಇಲ್ಲ ಅಂದದ್ದು ಇದಕ್ಕೇ.

ಕಾವು ಹಿಡಿಯುವುದು ಗಾಳಿಯಿಂದ

1952ರಲ್ಲಿ ಶಿಕಾಗೋದ ಲೋಹದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದ ಜಾರ್ಜ್ ಸ್ಟೀಫನ್ ನೀರಿನಲ್ಲಿ ತೇಲಿಬಿಡುವ ಉಕ್ಕಿನ ಬೋಯಿಯನ್ನು ಎರಡು ಹೋಳು ಮಾಡಿ, ಕೆಳಗಿನದಕ್ಕೆ ಕಾಲು ಇಟ್ಟು, ಮೇಲಿನದನ್ನು ಮುಚ್ಚಳ ಮಾಡಿದರು. ಇವತ್ತಿನ ದುಂಡನೆಯ ಕೆಟಲ್ ಗ್ರಿಲ್ ಹುಟ್ಟಿದ್ದು ಹಾಗೆ. ತೆರೆದ ಗ್ರಿಲ್‌ನಲ್ಲಿ ಬೆಂಕಿ ತನಗೆ ಬೇಕಾದಷ್ಟು ಗಾಳಿ ತಿನ್ನುತ್ತದೆ. ಮುಚ್ಚಳ ಬಂದ ಮೇಲೆ ಎಷ್ಟು ಗಾಳಿ ಅನ್ನುವುದನ್ನು ನಾವು ತೀರ್ಮಾನ ಮಾಡಬಹುದು.

ಹೆಚ್ಚಿನವರು ತಪ್ಪಾಗಿ ತಿಳಿದುಕೊಂಡಿರುವುದು ಇಲ್ಲೇ. ಕಾವು ಜಾಸ್ತಿ ಆಯಿತು ಅಂತ ಮುಚ್ಚಳ ತೆಗೆದು ಬಿಡುತ್ತಾರೆ. ಒಳಗಿನ ಬಿಸಿ ಗಾಳಿ ಹೊರಗೆ ಹೋಗುತ್ತದೆ, ಸ್ವಲ್ಪ ತಣ್ಣಗಾಯಿತು ಅನ್ನಿಸುತ್ತದೆ. ಆದರೆ ಕೆಂಡಕ್ಕೆ ಈಗ ಎಲ್ಲ ಕಡೆಯಿಂದ ಗಾಳಿ ಸಿಕ್ಕಿತಲ್ವಾ? ಐದು ನಿಮಿಷ ಬಿಟ್ಟು ನೋಡಿ, ಮೊದಲಿಗಿಂತ ಕೆಂಪಾಗಿರುತ್ತದೆ. ಕಾವು ಇಳಿಸಬೇಕಾದರೆ ಮುಚ್ಚಳ ಹಾಕಿ ಕೆಳಗಿನ ಕಿಂಡಿ ಸಣ್ಣದು ಮಾಡಬೇಕು.

ಕೆಳಗಿನ ಕಿಂಡಿ ಗಾಳಿ ಒಳಗೆ ಬರುವ ಬಾಗಿಲು, ಮೇಲಿನದು ಹೊಗೆ ಹೊರಗೆ ಹೋಗುವ ದಾರಿ. ಮೇಲಿನದನ್ನು ಪೂರ್ತಿ, ಕಡೇ ಪಕ್ಷ ಅರ್ಧ ತೆರೆದೇ ಇಡಿ. ಅದನ್ನು ಮುಚ್ಚಿದರೆ ಹೊಗೆ ಒಳಗೇ ಸುತ್ತಿ ಅಡುಗೆಗೆ ಮಸಿಯ ಕಹಿ ಹಿಡಿಯುತ್ತದೆ. ಕಾವು ಏರಿಸುವುದು, ಇಳಿಸುವುದು ಎಲ್ಲ ಕೆಳಗಿನದರಲ್ಲೇ ಮಾಡಿ. ಮುಚ್ಚಳದ ಕಿಂಡಿ ಅಡುಗೆಯ ಕಡೆಗೆ ಬರುವಂತೆ, ಅಂದರೆ ಕೆಂಡದ ಎದುರು ಬದಿಗೆ ಇರುವಂತೆ ತಿರುಗಿಸಿ. ಬಿಸಿ ಗಾಳಿ ಅಡುಗೆಯ ಮೇಲೆ ಹಾದು ಹೊರಗೆ ಹೋಗುತ್ತದೆ.

ಕಿಂಡಿ ಸರಿಸಿದ ತಕ್ಷಣ ಏನೂ ಆಗುವುದಿಲ್ಲ. ಹತ್ತು ಹದಿನೈದು ನಿಮಿಷ ಬೇಕು. ಆ ನಡುವೆ ಮತ್ತೆ ಮತ್ತೆ ಸರಿಸಿದರೆ ಯಾವುದರಿಂದ ಏನಾಯಿತು ಅನ್ನುವುದೇ ತಿಳಿಯುವುದಿಲ್ಲ. ಇನ್ನೊಂದು, ಕಾವು ಏರಿಸುವುದು ಸುಲಭ, ಇಳಿಸುವುದು ಕಷ್ಟ. ನಿಮಗೆ 150 ಡಿಗ್ರಿ ಬೇಕಿದ್ದರೆ 130ಕ್ಕೆ ಬಂದಾಗಲೇ ಕಿಂಡಿ ಸಣ್ಣದು ಮಾಡಲು ಶುರು ಮಾಡಿ. ದಪ್ಪ ಪಿಂಗಾಣಿಯ ಕಮಾಡೋ ಗ್ರಿಲ್ ಇರುವವರು ಇದನ್ನು ಇನ್ನೂ ಜಾಸ್ತಿ ಗಮನಿಸಬೇಕು. ಆ ಗೋಡೆ ಒಮ್ಮೆ ಕಾದರೆ ತಣಿಯಲು ಬಹಳ ಹೊತ್ತು ಹಿಡಿಯುತ್ತದೆ. ಅದರ ಮುಚ್ಚಳವನ್ನು ಒಮ್ಮೆಲೇ ಎತ್ತಬೇಡಿ. ಗಾಳಿಗೆ ಹಸಿದ ಬೆಂಕಿ ಭಗ್ ಅಂತ ಮುಖಕ್ಕೆ ಬರಬಹುದು. ಎರಡು ಬೆರಳು ಎತ್ತಿ, ಸ್ವಲ್ಪ ತಡೆದು, ಆಮೇಲೆ ಪೂರ್ತಿ ತೆರೆಯಿರಿ.

ಮುಚ್ಚಳವೇ ಇಲ್ಲದ ತೆರೆದ ಗ್ರಿಲ್ ಆದರೆ? ಅಲ್ಲಿ ನಿಮ್ಮ ಕೈಯಲ್ಲಿರುವುದು ಮೂರೇ: ಜಾಲರಿಯ ಎತ್ತರ, ಕೆಂಡದ ದಟ್ಟಣೆ, ಬೀಸಣಿಗೆ. ಜಾಲರಿ ಮೇಲೆ ಎತ್ತಿದರೆ ಕಾವು ಇಳಿಯಿತು. ಕೆಂಡ ಒಟ್ಟುಗೂಡಿಸಿದರೆ ಏರಿತು, ಬಿಡಿಬಿಡಿಯಾಗಿ ಹರಡಿದರೆ ಇಳಿಯಿತು. ಕಡ್ಡಿಗೆ ಚುಚ್ಚಿದ ಸಣ್ಣ ತುಂಡುಗಳಿಗೆ, ಎದುರಿಗೇ ನಿಂತು ತಿರುಗಿಸುತ್ತಾ ಬೇಯಿಸುವ ಯಾವುದಕ್ಕೂ ಇದು ಸೊಗಸಾದ ಗ್ರಿಲ್. ಇಡೀ ಕೋಳಿಗೆ ಅಲ್ಲ.

ಕಾವು ಎಷ್ಟಿದೆ ಅಂತ ತಿಳಿಯಲು ಅಂಗೈ ಸಾಕು. ಜಾಲರಿಯಿಂದ ಸುಮಾರು ಅರ್ಧ ಗೇಣು, ಹತ್ತು ಹನ್ನೆರಡು ಸೆಂಟಿಮೀಟರ್ ಎತ್ತರದಲ್ಲಿ ಕೈ ಹಿಡಿದು ಎಣಿಸಿ. ಎರಡು ಮೂರು ಸೆಕೆಂಡಿಗೇ ಕೈ ಎಳೆದುಕೊಳ್ಳಬೇಕಾದರೆ ಜೋರು ಕಾವು, ಸುಮಾರು 230 ಡಿಗ್ರಿಗಿಂತ ಮೇಲೆ. ಐದಾರು ಸೆಕೆಂಡ್ ತಡೆದರೆ ಮಧ್ಯಮ, 175ರಿಂದ 230. ಎಂಟು ಹತ್ತು ಸೆಕೆಂಡ್ ಇಡಲು ಆದರೆ ಸಣ್ಣ ಕಾವು. ಉದ್ದ ತೋಳಿನ ಅಂಗಿಯಾದರೆ ಮೊದಲು ಮಡಚಿಕೊಳ್ಳಿ. ಮುಚ್ಚಳದ ಮೇಲಿನ ಮುಳ್ಳಿನ ಮಾಪಕ ತೋರಿಸುವುದು ಮುಚ್ಚಳದ ಹತ್ತಿರದ ಕಾವನ್ನು, ಜಾಲರಿಯ ಹತ್ತಿರದ್ದು ಬೇರೆಯೇ ಇರುತ್ತದೆ. ಮಾಂಸ ಬೆಂದಿದೆಯಾ ಅನ್ನುವುದಕ್ಕೆ ಮಾತ್ರ ಕೈ, ಕಣ್ಣು ನಂಬಬೇಡಿ. ಚುಚ್ಚುವ ಥರ್ಮಾಮೀಟರ್ ಒಂದು ಇರಲಿ. ಕೋಳಿಯ ಒಳಗೆ, ಮೂಳೆಗೆ ತಾಗದಂತೆ ಚುಚ್ಚಿದಾಗ 74 ಡಿಗ್ರಿ ತೋರಿಸಬೇಕು. ಕೈಮಾದ ಉಂಡೆಗಳಿಗೆ 71.

ನಡುವೆ ಬರುವ ತೊಂದರೆಗಳು

ಕೊಬ್ಬು ತೊಟ್ಟಿಕ್ಕಿ ಜ್ವಾಲೆ ಎದ್ದರೆ ನೀರು ಚಿಮುಕಿಸಬೇಡಿ. ಬೂದಿ ಹಾರಿ ಅಡುಗೆಗೆ ಅಂಟುತ್ತದೆ, ಉರಿಯುವ ಕೊಬ್ಬು ಸಿಡಿಯುತ್ತದೆ. ಇಕ್ಕಳದಲ್ಲಿ ತುಂಡನ್ನು ತಣ್ಣನೆ ಬದಿಗೆ ಸರಿಸಿ ಮುಚ್ಚಳ ಹಾಕಿ. ಅರ್ಧ ನಿಮಿಷದಲ್ಲಿ ಜ್ವಾಲೆ ತಾನೇ ಮಲಗುತ್ತದೆ.

ಕಾವು ಇಳಿಯುತ್ತಾ ಬಂದಾಗ ಇದ್ದಿಲು ಮುಗಿಯಿತು ಅಂತ ಹೊಸದು ಸುರಿಯುವ ಮೊದಲು ಇಕ್ಕಳದಿಂದ ಕೆಂಡವನ್ನು ಮೆಲ್ಲಗೆ ತಟ್ಟಿ. ಎಷ್ಟೋ ಸಲ ಕೆಂಡ ಗಟ್ಟಿಯಾಗೇ ಇರುತ್ತದೆ, ಮೇಲೆ ಬೂದಿಯ ಹೊದಿಕೆ ಬಂದು ಕಾವು ಹೊರಗೆ ಬರುತ್ತಿರುವುದಿಲ್ಲ. ಬೂದಿ ಉದುರಿದ ಕೂಡಲೇ ಕೆಂಪು ಕಾಣುತ್ತದೆ. ಕೆಳಗಿನ ಕಿಂಡಿಗೆ ಬೂದಿ ಕಟ್ಟಿದೆಯಾ ಅಂತಲೂ ನೋಡಿ, ಬ್ರಿಕೆಟ್ ಬಳಸಿದಾಗ ಇದು ಸಾಮಾನ್ಯ. ಹೊಸ ಇದ್ದಿಲು ನಿಜವಾಗಿಯೂ ಬೇಕಾದರೆ ಮುಕ್ಕಾಲು ಗಂಟೆಗೋ ಒಂದು ಗಂಟೆಗೋ ಒಮ್ಮೆ ಒಂದೊಂದು ಬದಿಗೆ ಐದಾರು ಉಂಡೆ ಸೇರಿಸಿ. ಚಿಮ್ನಿಯಲ್ಲಿ ಮೊದಲೇ ಹತ್ತಿಸಿ ಸೇರಿಸಿದರೆ ಹೊಗೆಯೂ ಇಲ್ಲ, ಕಾವು ಕುಸಿಯುವುದೂ ಇಲ್ಲ.

ಮಳೆ ಬಂದರೆ ಅಥವಾ ಚಳಿಯಾದರೆ ಗ್ರಿಲ್ ಒಳಗೆ ತರಬೇಕು ಅನ್ನಿಸುತ್ತದೆ. ದಯವಿಟ್ಟು ತರಬೇಡಿ. ಮನೆಯೊಳಗೆ ಬೇಡ, ಗ್ಯಾರೇಜಿನಲ್ಲಿ ಬೇಡ, ಟೆಂಟಿನಲ್ಲಂತೂ ಬೇಡವೇ ಬೇಡ. ಉರಿಯುವ ಇದ್ದಿಲಿನಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ತಲೆಸುತ್ತು ಬಂದು ಏನಾಗುತ್ತಿದೆ ಅಂತ ತಿಳಿಯುವ ಮೊದಲೇ ಪ್ರಜ್ಞೆ ತಪ್ಪಬಹುದು. ಆರುತ್ತಾ ಬಂದ ಕೆಂಡದಿಂದಲೂ ಅದು ಬರುತ್ತಲೇ ಇರುತ್ತದೆ. ರಾತ್ರಿ ಕಾವಿಗೆ ಅಂತ ಮಲಗುವ ಜಾಗದಲ್ಲಿ ಗ್ರಿಲ್ ಇಟ್ಟುಕೊಂಡು ಮಲಗಿದವರು ಬೆಳಗ್ಗೆ ಏಳದೆ ಹೋಗಿದ್ದಾರೆ.

ಅಡುಗೆ ಮುಗಿದ ಮೇಲೆ ಮುಚ್ಚಳ ಹಾಕಿ ಮೇಲಿನ, ಕೆಳಗಿನ ಕಿಂಡಿ ಎರಡನ್ನೂ ಪೂರ್ತಿ ಮುಚ್ಚಿ. ಗಾಳಿ ಸಿಗದೆ ಕೆಂಡ ನಿಧಾನವಾಗಿ ಆರುತ್ತದೆ. ಮುಚ್ಚಳ ಇಲ್ಲದ ಗ್ರಿಲ್ ಆದರೆ ಕೆಂಡ ಪೂರ್ತಿ ಬೂದಿಯಾಗುವವರೆಗೆ ಯಾರಾದರೂ ಹತ್ತಿರ ಇರಬೇಕು. ಕಾದ ಗ್ರಿಲ್‌ಗೆ ನೀರು ಹೊಯ್ದರೆ ಸುಡುವ ಹಬೆ ಮೈಮೇಲೆ ಬರುತ್ತದೆ, ಗ್ರಿಲ್‌ನ ಲೇಪವೂ ಬಿರಿಯುತ್ತದೆ. ಬೂದಿಯನ್ನು ಎರಡು ದಿನ ಹಾಗೇ ಬಿಟ್ಟು ಆಮೇಲೆ ತೆಗೆಯಿರಿ. ಬೂದಿ ಮುಚ್ಚಿದ ಕೆಂಡ ಅನ್ನುತ್ತೇವಲ್ಲ, ಮೇಲೆ ತಣ್ಣಗಿದ್ದರೂ ಒಳಗೆ ಒಂದು ಕಿಡಿ ಇರಬಹುದು. ಬೇಗ ತೆಗೆಯಲೇಬೇಕಾದರೆ ಮುಚ್ಚಳ ಇರುವ ಲೋಹದ ಡಬ್ಬಕ್ಕೆ ಹಾಕಿ, ಪ್ಲಾಸ್ಟಿಕ್ ಬುಟ್ಟಿಗೋ ರಟ್ಟಿನ ಪೆಟ್ಟಿಗೆಗೋ ಬೇಡ. ಅರ್ಧ ಉರಿದು ಉಳಿದ ಇದ್ದಿಲನ್ನು ಎಸೆಯಬೇಡಿ. ಜಾಲರಿಯ ಮೇಲೆ ಅಲುಗಾಡಿಸಿ ಬೂದಿ ಉದುರಿಸಿ, ಒಣ ಜಾಗದಲ್ಲಿ ಮುಚ್ಚಿಡಿ. ಮುಂದಿನ ಸಲ ಚಿಮ್ನಿ ತುಂಬುವಾಗ ಹೊಸದರ ಜೊತೆ ಬೆರೆಸಿ ಹಾಕಿದರಾಯಿತು.